ಸಮಾನ ಕಸಬು

ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಅವನ ಕೈಗೆ ಬಿಡುಗಡೆ ಪುಸ್ತಕ ಬಂತು. ಸೇವೆ: ಹದಿನೇಳು ವರ್ಷ, ಎರಡು ತಿಂಗಳು, ಒಂಬತ್ತು ದಿನ. ನಡತೆ: ಉತ್ತಮ. ಕಸಬು: ಸಫಾಯಿಗಾರ. ಅದರ ಕೆಳಗಿನ ಸಾಲಿನಲ್ಲಿ, ನಾಗರಿಕ ಜೀವನದಲ್ಲಿ ಸಮಾನ ಕಸಬು: ಸಫಾಯಿಗಾರ.

ಅವನು ಎಲ್ಲ ಪುಟ ತಿರುವಿದ. ನೀರು ಎಂಬ ಪದ ಎಲ್ಲೂ ಇರಲಿಲ್ಲ.

ಸೇನೆಯಲ್ಲಿ, ನೀರಿನ ಶೆಡ್ಡಿನೊಳಗೆ ಮಾತ್ರ, ಅವನನ್ನು ಫಿಲ್ಟರ್ ಎಂದು ಕರೆಯುತ್ತಿದ್ದರು. ಹತ್ತು ವರ್ಷ ಶಿಬಿರದ ನೀರು ಶುದ್ಧ ಮಾಡಿದವನು ಅವನು. ಹಳ್ಳದ ಕೆಸರು ನೀರನ್ನು ತೊಟ್ಟಿಗೆ ಏರಿಸಿ, ಪಟಿಕ ಹಾಕಿ ಕೊಳೆ ಕೂರಿಸಿ, ಮರಳಿನಲ್ಲಿ ಸೋಸಿ, ಕ್ಲೋರಿನ್ ಬೆರೆಸಿ, ಎಂಟುನೂರು ಜನಕ್ಕೆ ಕುಡಿಯಲು ಕೊಟ್ಟ. ಆ ಹತ್ತು ವರ್ಷದಲ್ಲಿ ಅವನ ನೀರು ಕುಡಿದು ಒಬ್ಬನೂ ಹೊಟ್ಟೆ ಹಿಡಿದುಕೊಂಡು ಆಸ್ಪತ್ರೆಗೆ ಹೋಗಲಿಲ್ಲ.

ಸೇರುವಾಗ ಅವನು ಹತ್ತನೇ ತರಗತಿ ಪಾಸಾಗಿದ್ದ. ತಾಂತ್ರಿಕ ವಿಭಾಗದ ಸಾಲಿನಲ್ಲಿ ನಿಂತಿದ್ದ. ಮೇಜಿನ ಹಿಂದೆ ಕೂತವನು ಅಂಕಪಟ್ಟಿ ನೋಡಲಿಲ್ಲ. ‘ಅಪ್ಪ ಏನು ಕೆಲಸ?’ ಎಂದು ಕೇಳಿದ. ಇದೇ ಪಡೆಯಲ್ಲಿ ಸಫಾಯಿ ಎಂದು ಇವನು ಹೇಳಿದ. ಆತ ಪೆನ್ನಿನ ತುದಿಯಿಂದ ಎಡಗಡೆಯ ಸಾಲು ತೋರಿಸಿದ. ಆ ಸಾಲಿನಲ್ಲಿ ಏಳು ಜನ ಇದ್ದರು. ಏಳೂ ಜನರ ಅಪ್ಪಂದಿರದು ಅದೇ ಕೆಲಸ.

ಮೊದಲ ಆರು ವರ್ಷ ಕಕ್ಕಸು ತೊಳೆದ. ಆಮೇಲೊಂದು ಬೇಸಿಗೆಯಲ್ಲಿ ಶಿಬಿರದ ಇನ್ನೂರ ಹದಿನಾಲ್ಕು ಜನಕ್ಕೆ ವಾಂತಿಭೇದಿ. ಕಕ್ಕಸು ತೊಳೆಯುವವನಿಗೇ ಅದರ ಲೆಕ್ಕ ಮೊದಲು ಸಿಗುವುದು. ನೀರು ತುಂಬಿಕೊಳ್ಳಲು ಶೆಡ್ಡಿಗೆ ಹೋದಾಗಲೆಲ್ಲ ಅಲ್ಲಿಯ ಕೆಲಸ ನೋಡಿದ್ದ ಅವನು ನೀರಿನ ವಿಭಾಗದ ಸಾರ್ಜೆಂಟ್ ಹತ್ತಿರ ಹೋಗಿ, ‘ಸಾರ್, ಕೊಳೆ ಕೂರೋ ಮುಂಚೆನೇ ಕ್ಲೋರಿನ್ ಹಾಕ್ತಾ ಇದ್ದೀರಿ. ಕೊಳೆನೇ ಅದನ್ನ ತಿಂದು ಹಾಕುತ್ತೆ. ಕೊನೆಗೆ ಹಾಕಿ’ ಎಂದ. ಸಾರ್ಜೆಂಟ್ ಬೈದ. ಮರುದಿನ ಕೊನೆಗೆ ಹಾಕಿ ನೋಡಿದ. ಐದನೇ ದಿನ ವಾಂತಿಭೇದಿ ನಿಂತಿತು. ಆರನೇ ದಿನ ಸಾರ್ಜೆಂಟ್ ಅವನನ್ನು ನೀರಿನ ಶೆಡ್ಡಿಗೆ ಕರೆಸಿಕೊಂಡ.

ಶೆಡ್ಡಿನಲ್ಲಿ ಒಂದು ರಿಜಿಸ್ಟರ್ ಇತ್ತು. ದಿನಕ್ಕೆ ಎರಡು ಸಲ ಬರೆಯಬೇಕು. ಎಷ್ಟು ಪಟಿಕ, ಎಷ್ಟು ಕ್ಲೋರಿನ್, ಎಷ್ಟು ಉಳಿದಿದೆ, ಆಪರೇಟರ್ ಸಹಿ. ಮೊದಲ ದಿನ ಅವನು ಪೆನ್ನು ತೆಗೆದಾಗ ಸಾರ್ಜೆಂಟ್ ಕೈ ಹಿಡಿದ.

‘ಅದೊಂದು ಬೇಡ ಕಣಯ್ಯ.’

‘ಯಾಕೆ ಸಾರ್?’

‘ನಿನ್ನ ಹೆಸರು ನೋಡಿದ್ರೆ ಮೆಸ್ಸಲ್ಲಿ ಒಬ್ಬನೂ ನೀರು ಮುಟ್ಟಲ್ಲ.’

ಸಾರ್ಜೆಂಟ್ ಅದನ್ನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಹವಾಮಾನ ಹೇಳುವ ಹಾಗೆ ಹೇಳಿದ. ಒಂದು ತಿಂಗಳು ತಾನೇ ಸಹಿ ಹಾಕಿದ. ಬೆಳಗಿನ ಜಾವ ಎದ್ದು ಬರುವುದು ಅವನಿಗೆ ಬೇಜಾರಾಯಿತು. ‘ನನ್ನ ಸಹಿ ನೀನೇ ಕಲ್ತ್ಕೋ. ನನ್ನ ನಿದ್ದೆ ಯಾಕೆ ಹಾಳು ಮಾಡ್ತೀಯ’ ಎಂದ. ಫಿಲ್ಟರ್ ಮೂರು ದಿನ ಸಿಗರೇಟು ಪ್ಯಾಕಿನ ಹಿಂಬದಿಯಲ್ಲಿ ಅಭ್ಯಾಸ ಮಾಡಿದ. ಮೊದಲು ಮೇಲಕ್ಕೆ ಒಂದು ಉದ್ದದ ಗೀಟು, ಅದರ ತುದಿಯಿಂದ ಕೆಳಗೆ ಕೊಕ್ಕೆ, ಆಮೇಲೆ ಉಳಿದ ಅಕ್ಷರ. ನಾಲ್ಕನೇ ದಿನದಿಂದ ಹತ್ತು ವರ್ಷ ಅವನೇ ಹಾಕಿದ. ರಜೆ ಕಳೆದು ವರ್ಷಕ್ಕೆ ಹತ್ತು ತಿಂಗಳು ಎಂದಿಟ್ಟುಕೊಂಡರೂ ಆರು ಸಾವಿರ ಸಹಿ. ಒಂದೂ ಅವನದಲ್ಲ.

ಸಾರ್ಜೆಂಟ್ ನಿವೃತ್ತನಾದ. ತರಬೇತಿ ಶಾಲೆಯಿಂದ ಹೊಸ ಆಪರೇಟರ್ ಬಂದ. ಫಿಲ್ಟರ್‌ನನ್ನು ಮತ್ತೆ ಕಕ್ಕಸಿಗೆ ಹಾಕಿದರು. ಕೊನೆಯ ಹತ್ತು ತಿಂಗಳು ಅದೇ ಕೆಲಸ. ಹಾಗಾಗಿ ಬಿಡುಗಡೆ ಪುಸ್ತಕ ಬರೆದವನು ಎದುರಿಗೆ ಕಂಡದ್ದನ್ನೇ ಬರೆದಿದ್ದ.

ಬಿಡುಗಡೆಗೆ ಮೊದಲು ಐದು ದಿನದ ತರಗತಿ ಇತ್ತು. ನಾಗರಿಕ ಜೀವನಕ್ಕೆ ಸಿದ್ಧತೆ ಎಂದು ಬಾಗಿಲ ಮೇಲೆ ಬರೆದಿತ್ತು. ಕೈ ಕುಲುಕುವುದು ಹೇಗೆ, ಸಂದರ್ಶನದಲ್ಲಿ ಕೂರುವುದು ಹೇಗೆ ಎಂದು ಒಬ್ಬ ಸಲಹೆಗಾರ ಹೇಳಿಕೊಟ್ಟ. ಐದು ವರ್ಷದ ಯೋಜನೆ ಬರೆಯಿರಿ ಎಂದು ಕಾಗದ ಹಂಚಿದ. ಫಿಲ್ಟರ್ ಬರೆದ: ನಗರದ ನೀರಿನ ಸ್ಥಾವರದಲ್ಲಿ ಆಪರೇಟರ್. ಎರಡು ವರ್ಷದಲ್ಲಿ ಲೈಸೆನ್ಸ್ ಪರೀಕ್ಷೆ. ಐದನೇ ವರ್ಷ ಪಾಳಿಯ ಮುಖ್ಯಸ್ಥ. ಸಲಹೆಗಾರ ಓದಿ, ‘ಬಹಳ ಚೆನ್ನಾಗಿದೆ’ ಎಂದು ಗುರುತು ಹಾಕಿಕೊಟ್ಟ. ಆಮೇಲೆ ಗೋಡೆಯ ಮೇಲಿನ ಪಟ್ಟಿ ತೋರಿಸಿದ. ಸೇನೆಯ ಕಸಬು ಎಡಕ್ಕೆ, ಸಮಾನ ಕಸಬು ಬಲಕ್ಕೆ. ಚಾಲಕನಿಗೆ ಚಾಲಕ. ಅಡುಗೆಯವನಿಗೆ ಅಡುಗೆಯವನು. ಫಿರಂಗಿಯವನ ಎದುರು ಏನೂ ಇರಲಿಲ್ಲ. ಊರಿನಲ್ಲಿ ಫಿರಂಗಿ ಇಲ್ಲವಲ್ಲ. ಹಾಗಾಗಿ ಅವನು ಏನು ಬೇಕಾದರೂ ಆರಿಸಿಕೊಳ್ಳಬಹುದಿತ್ತು. ಸಫಾಯಿ ಎಲ್ಲ ಊರಲ್ಲೂ ಇತ್ತು. ಅದಕ್ಕೇ ಸಫಾಯಿಯವನಿಗೆ ಆಯ್ಕೆ ಇರಲಿಲ್ಲ.

ಪುಸ್ತಕ ಕೈಗೆ ಬಂದ ದಿನ ಅವನು ಮತ್ತೆ ಆ ಸಲಹೆಗಾರನ ಮುಂದೆ ಹೋಗಿ ನಿಂತ.

‘ಹತ್ತು ವರ್ಷ ನೀರಿನ ಕೆಲಸ ಮಾಡಿದ್ದೀನಿ ಸಾರ್.’

‘ದಾಖಲೆ?’

‘ರಿಜಿಸ್ಟರ್ ಇದೆ.’

‘ಅದರಲ್ಲಿ ನಿಮ್ಮ ಸಹಿ ಇದೆಯಾ?’

ಸೇನೆಯ ದಾಖಲೆಯಲ್ಲಿ ಬೇರೆಯವರ ಸಹಿ ಹಾಕಿದ್ದು ಅಪರಾಧ. ಹೇಳಿದರೆ ಪಿಂಚಣಿ ಹೋಗಬಹುದು. ಹೇಳದಿದ್ದರೆ ಹತ್ತು ವರ್ಷ ಹೋಗುತ್ತದೆ.

‘ಇಲ್ಲ’ ಎಂದ.

‘ಹಾಗಾದ್ರೆ ಕಷ್ಟ. ಮಾಜಿ ಸೈನಿಕರ ಕೋಟಾದಲ್ಲಿ ಕಸಬು ತಾಳೆಯಾಗಬೇಕು.’ ಸಲಹೆಗಾರ ಕಡತ ಹುಡುಕಿ ಖುಷಿಯಿಂದ ತಲೆ ಎತ್ತಿದ. ‘ನೋಡಿ, ನಗರದ ನೀರಿನ ಸ್ಥಾವರದಲ್ಲೇ ಒಂದು ಸಫಾಯಿ ಹುದ್ದೆ ಖಾಲಿ ಇದೆ! ಹದಿನೈದು ದಿನ ನೋಡ್ತಾರೆ, ಆಮೇಲೆ ಖಾಯಂ. ಮನೆನೂ ಕೊಡ್ತಾರೆ. ನಿಮ್ಮ ಆಸಕ್ತಿಗೂ ಸರಿಹೋಯ್ತು.’

ಮನೆ ಎಂಬುದು ಸಣ್ಣ ಮಾತಲ್ಲ. ಸೇನೆಯ ಕ್ವಾರ್ಟರ್ಸನ್ನು ಅರವತ್ತು ದಿನದಲ್ಲಿ ಬಿಡಬೇಕಿತ್ತು. ಒಂದೂವರೆ ಕೋಣೆ. ಅವನು, ಹೆಂಡತಿ, ಮಗಳು, ಅವನ ಅಪ್ಪ. ಹೆಂಡತಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ಬ್ಲೀಚಿಗೆ ಅವಳ ಬೆರಳ ತುದಿಯ ಗೆರೆಗಳು ಅಳಿಸಿಹೋಗಿದ್ದವು. ಹಾಜರಿ ಯಂತ್ರ ಅವಳ ಹೆಬ್ಬೆಟ್ಟನ್ನು ಗುರುತಿಸುತ್ತಿರಲಿಲ್ಲ. ದಿನಾ ಮೂರು ಸಲ ಒತ್ತಬೇಕಿತ್ತು.

ಅಪ್ಪ ಕನ್ನಡಕ ಹಾಕಿಕೊಂಡು ಪುಸ್ತಕ ನೋಡಿದ.

‘ನನ್ನ ಪುಸ್ತಕದಲ್ಲೂ ಇದೇ ಇತ್ತು. ಈಗ ಬೈಂಡಿಂಗ್ ಚೆನ್ನಾಗಿ ಮಾಡ್ತಾರೆ.’

‘ನಗಬೇಡಿ ಮಾವ’ ಎಂದಳು ಅವಳು. ಗಂಡನ ಕಡೆ ತಿರುಗಿದಳು. ‘ಎಂಟುನೂರು ಜನ ಹತ್ತು ವರ್ಷ ನಿಮ್ಮ ಕೈ ನೀರು ಕುಡಿದ್ರಲ್ಲ, ಒಬ್ಬನಾದ್ರೂ ಒಂದು ಚೀಟಿ ಬರ್ಕೊಡಲ್ವಾ?’

‘ನನ್ನ ಕೈದು ಅಂತ ಗೊತ್ತಿದ್ರೆ ಕುಡೀತಿರ್ಲಿಲ್ಲ.’

‘ಗೊತ್ತಿರೋ ಒಬ್ಬ ಇದ್ದಾನಲ್ಲ, ನಿಮ್ಮ ಸಾರ್ಜೆಂಟು.’

‘ಅವರು ಬರೆದ್ರೆ ಅವರಿಗೇ ಕುತ್ತು.’

‘ಓಹೋ. ಅವನ ಕುತ್ತಿಗೆಗೂ ನೀವೇ ಕಾವಲು.’

ಅವನು ಎದ್ದು ಹೊರಗೆ ಹೋದ. ಒಳಗೆ ಬಂದ. ಮತ್ತೆ ಹೊರಗೆ ಹೋದ. ಹದಿನೇಳು ವರ್ಷ ಯಾವ ಹೊತ್ತಿಗೆ ಎಲ್ಲಿ ನಿಲ್ಲಬೇಕು ಎಂದು ಬೇರೆಯವರು ಹೇಳಿದ್ದರು. ಈಗ ಕಾಲಿಗೆ ಕೆಲಸವಿರಲಿಲ್ಲ. ಸೋಮವಾರ ಅವನು ಸ್ಥಾವರಕ್ಕೆ ಹೋದ.

ಗೇಟಿನಲ್ಲಿ ಎದುರಾದವನು ಸಾರ್ಜೆಂಟ್. ಈಗ ಅವನು ಸ್ಥಾವರದ ಮುಖ್ಯ ಆಪರೇಟರ್. ಹತ್ತು ವರ್ಷದ ರಿಜಿಸ್ಟರಿನ ಆಧಾರದ ಮೇಲೆ ಅನುಭವ ಪತ್ರ ಸಿಕ್ಕಿತ್ತು. ಆ ಪತ್ರದ ಮೇಲೆ ಕೆಲಸ ಸಿಕ್ಕಿ ಎಂಟು ತಿಂಗಳಾಗಿತ್ತು. ಇಸ್ತ್ರಿ ಮಾಡಿದ ನೀಲಿ ಅಂಗಿ. ಜೇಬಿನಲ್ಲಿ ಎರಡು ಪೆನ್ನು.

‘ಬಾರಪ್ಪ ಫಿಲ್ಟರ್! ನಿನ್ನ ಹೆಸರು ಬಂದ ತಕ್ಷಣ ಇಂಜಿನಿಯರ್ ಮೇಡಂಗೆ ಹೇಳಿದೆ, ಇವನನ್ನ ತಗೊಳ್ಳಿ, ಚಿನ್ನದಂಥ ಮನುಷ್ಯ ಅಂತ.’ ಸುತ್ತ ನೋಡಿ ದನಿ ತಗ್ಗಿಸಿದ. ‘ಅಲ್ಲಿ ಹೇಗಿದ್ವೋ ಇಲ್ಲೂ ಹಾಗೇ. ನೀನು ನೋಡ್ಕೋ. ಸಹಿ ನಾನು ಹಾಕ್ತೀನಿ. ಇಲ್ಲಿ ನಿದ್ದೆ ಮಾಡೋ ಹಾಗಿಲ್ಲ, ಅದೊಂದೇ ತೊಂದರೆ.’

ನಕ್ಕ. ಫಿಲ್ಟರ್‌ಗೂ ನಗು ಬಂತು. ಹತ್ತು ವರ್ಷದ ಅಭ್ಯಾಸ.

ಕೆಲಸ ಹೀಗಿತ್ತು. ನೀರಿನ ಕೊಳೆ ಕೂರುವ ತೊಟ್ಟಿಗಳು ಎರಡು. ಒಂದು ನಡೆಯುತ್ತಿರುವಾಗ ಇನ್ನೊಂದನ್ನು ಖಾಲಿ ಮಾಡಿ ತೊಳೆಯಬೇಕು. ಹದಿನಾಲ್ಕು ಅಡಿ ಆಳ. ತಳದಲ್ಲಿ ತೊಡೆಯವರೆಗೆ ಕೆಸರು. ಮೆತ್ತಗೆ ಕಾಣುತ್ತದೆ, ಸಲಿಕೆ ಹಾಕಿದರೆ ಬಿಡುವುದಿಲ್ಲ. ಒಂದು ಕಾಲು ಕಿತ್ತರೆ ಇನ್ನೊಂದು ಹೂತುಕೊಳ್ಳುತ್ತದೆ. ಬಕೆಟ್ಟು ತುಂಬಿ ಹಗ್ಗಕ್ಕೆ ಕಟ್ಟಬೇಕು, ಮೇಲೆ ಎಳೆಯುತ್ತಾರೆ. ಬಕೆಟ್ಟಿನಿಂದ ಸೋರಿದ್ದು ತಲೆಯ ಮೇಲೆ ಬೀಳುತ್ತದೆ. ಮೊದಲ ದಿನ ನೂರ ಅರವತ್ತು ಬಕೆಟ್ಟು. ಸಂಜೆ ಸೊಂಟ ನೆಟ್ಟಗಾಗಲಿಲ್ಲ. ಬೆರಳ ಸಂದಿಯ ಚರ್ಮ ಬಿಳಿಚಿ ಬಿರಿಯಿತು. ಊಟಕ್ಕೆ ಕೂತರೆ ತುತ್ತಿನಲ್ಲೂ ಅದೇ ವಾಸನೆ.

ಆಪರೇಟರುಗಳ ಕೋಣೆಗೆ ಬೂಟು ಬಿಟ್ಟು ಹೋಗಬೇಕು ಎಂದು ಫಲಕವಿತ್ತು. ಸಫಾಯಿಯವರು ಬೂಟು ಬಿಟ್ಟರೂ ಹೋಗುವಂತಿರಲಿಲ್ಲ. ಅದಕ್ಕೆ ಫಲಕ ಬೇಕಿರಲಿಲ್ಲ.

ದಿನಾ ಹತ್ತು ಗಂಟೆಗೆ ಸಾರ್ಜೆಂಟ್ ತೊಟ್ಟಿಯ ಅಂಚಿಗೆ ಬರುತ್ತಿದ್ದ. ಮೊಣಕಾಲಿಗೆ ಕೈ ಊರಿ ಬಗ್ಗುತ್ತಿದ್ದ.

‘ಇವತ್ತು ನದಿ ನೀರು ಕೆಂಪಗಿದೆ ಕಣೋ. ಪಟಿಕ ಎಷ್ಟು ಹಾಕ್ಲಿ?’

ಫಿಲ್ಟರ್ ಕೆಸರಿನಿಂದಲೇ ಮೇಲೆ ನೋಡುತ್ತಿದ್ದ. ‘ಒಂದು ಲೋಟದಲ್ಲಿ ತೋರಿಸಿ ಸಾರ್.’ ಸಾರ್ಜೆಂಟ್ ಗಾಜಿನ ಲೋಟವನ್ನು ಬೆಳಕಿಗೆ ಹಿಡಿಯುತ್ತಿದ್ದ. ‘ಲೀಟರಿಗೆ ಮೂವತ್ತೈದು ಮಿಲಿಗ್ರಾಂ.’ ಸಾರ್ಜೆಂಟ್ ಹೋಗಿ ಮೂವತ್ತೈದು ಹಾಕಿಸಿ, ರಿಜಿಸ್ಟರಿನಲ್ಲಿ ಬರೆದು, ಸಹಿ ಹಾಕುತ್ತಿದ್ದ. ಹನ್ನೊಂದು ದಿನ ಹೀಗೇ ನಡೆಯಿತು. ಎಂಟನೇ ದಿನ ಸ್ಥಾವರದ ಇಂಜಿನಿಯರಮ್ಮ ಎಲ್ಲರೆದುರು ಸಾರ್ಜೆಂಟ್‌ನನ್ನು ಹೊಗಳಿದರು. ಎಂಟು ತಿಂಗಳಲ್ಲಿ ಇಷ್ಟು ಒಳ್ಳೆಯ ವಾರ ಬಂದಿರಲಿಲ್ಲ ಎಂದರು. ಫಿಲ್ಟರ್ ಆಗ ಹಗ್ಗ ಸುತ್ತುತ್ತಿದ್ದ. ಕೇಳಿಸಿಕೊಂಡ.

ಅವತ್ತು ಮನೆಯಲ್ಲಿ ಅದನ್ನು ಹೇಳಿದ. ಹೆಂಡತಿ ರೊಟ್ಟಿ ತುಂಡು ತಟ್ಟೆಗೆ ಎಸೆದಳು.

‘ಅಲ್ರೀ, ಅಲ್ಲಾದ್ರೆ ಸಮವಸ್ತ್ರ, ಆಜ್ಞೆ, ಶಿಕ್ಷೆ. ಇಲ್ಲಿ ಏನು? ಇಲ್ಲಿ ನಿಮ್ಮ ನಾಲಿಗೆ ಕಟ್ಟಿರೋದು ಯಾರು?’

‘ಇನ್ನು ಏಳು ದಿನ. ಖಾಯಂ ಆಗ್ಲಿ.’

‘ಖಾಯಂ ಆದ್ಮೇಲೆ ಇದೇ ಖಾಯಂ.’

‘ಮನೆ ಬೇಡ್ವೇನೇ ನಿನಗೆ?’

‘ಬೇಕು. ನನ್ನ ಬೆರಳಲ್ಲಂತೂ ಗುರುತು ಉಳಿದಿಲ್ಲ. ನಿಮ್ಮದಾದ್ರೂ ಇರ್ಲಿ ಅಂತ ಹೇಳ್ದೆ.’

ಅಪ್ಪ ಗೋಡೆ ಕಡೆ ತಿರುಗಿ ಮಲಗಿದ.

ಹನ್ನೆರಡನೇ ದಿನ ಮೇಲಿನ ಪ್ರದೇಶದಲ್ಲಿ ಜೋರು ಮಳೆಯಾಗಿ ನದಿ ಕದಡಿತು. ಬೆಳಿಗ್ಗೆ ಹತ್ತೂ ಹತ್ತಕ್ಕೆ ಸಾರ್ಜೆಂಟ್ ಓಡಿ ಬಂದ. ನೀಲಿ ಅಂಗಿ ಬೆವರಿಗೆ ಬೆನ್ನಿಗೆ ಅಂಟಿತ್ತು.

‘ನಲವತ್ತೈದು ಹಾಕ್ದೆ. ಅರವತ್ತು ಹಾಕ್ದೆ. ಎಂಬತ್ತು ಹಾಕ್ದೆ. ಕೂರ್ತಾನೇ ಇಲ್ಲ ಕಣೋ! ಕೊಳೆ ಎಲ್ಲ ಅಂಚು ದಾಟಿ ಸೋಸೋ ತೊಟ್ಟಿಗೆ ಹೋಗ್ತಿದೆ. ಎಷ್ಟು ಹಾಕ್ಲಿ ಹೇಳು ಬೇಗ.’

ಫಿಲ್ಟರ್ ಸಲಿಕೆ ಊರಿ ನಿಂತ. ಉತ್ತರ ಅವನಿಗೆ ಗೊತ್ತಿತ್ತು. ಹೊಸ ಮಳೆ ನೀರಿನಲ್ಲಿ ಸುಣ್ಣದ ಅಂಶ ಕಡಿಮೆ. ಆಗ ಪಟಿಕ ಎಷ್ಟು ಸುರಿದರೂ ಕೊಳೆ ಹಿಂಡುಗಟ್ಟುವುದಿಲ್ಲ. ಮೊದಲು ಸುಣ್ಣ ಕೊಡಬೇಕು. ಎರಡು ಮಾತಿನ ಉತ್ತರ.

‘ನಾನು ಹೇಳಲ್ಲ ಸಾರ್.’

‘ಏನು?’

‘ಇಲ್ಲಿಂದ ಹೇಳಲ್ಲ.’

‘ಲೋ, ಇದು ತಮಾಷೆನಾ? ಊರೋರು ಕುಡಿಯೋ ನೀರು ಕಣೋ ಅದು!’

‘ಅದಕ್ಕೇ ಮೇಲೆ ಬರ್ತಾ ಇದ್ದೀನಿ. ನಾನೇ ಮಾಡ್ತೀನಿ. ಮಾಡಿದ್ಮೇಲೆ ನನ್ನ ಹೆಸರು ಬರೀತೀನಿ.’

‘ಹುಚ್ಚು ಹಿಡೀತಾ ನಿನಗೆ? ಇಬ್ರೂ ಬೀದಿಗೆ ಬೀಳ್ತೀವಿ.’

‘ನಾನು ಹದಿನಾಲ್ಕು ಅಡಿ ಕೆಳಗಿದ್ದೀನಿ ಸಾರ್. ಬೀದಿ ನನಗೆ ಮೇಲಾಗುತ್ತೆ.’

ಏಣಿ ಹತ್ತಿದ. ಬೂಟು ಬಿಡಲಿಲ್ಲ. ಆಪರೇಟರುಗಳ ಕೋಣೆಯ ಬಿಳಿ ನೆಲದ ಮೇಲೆ ಹನ್ನೊಂದು ಹೆಜ್ಜೆ ಕೆಸರು ಬಿತ್ತು. ಒಳಗಿದ್ದ ಇಬ್ಬರು ಎದ್ದು ನಿಂತರು. ಒಬ್ಬ ‘ಏಯ್’ ಎಂದ. ಫಿಲ್ಟರ್ ಕೈ ತೊಳೆದುಕೊಂಡ. ಆರು ಗಾಜಿನ ಜಾಡಿ ಸಾಲಾಗಿ ಇಟ್ಟು ನದಿ ನೀರು ತುಂಬಿದ. ಪಟಿಕ ಎಲ್ಲಕ್ಕೂ ಒಂದೇ ಅಳತೆ. ಸುಣ್ಣದ ತಿಳಿ ಮಾತ್ರ ಒಂದರಿಂದ ಒಂದಕ್ಕೆ ಏರಿಸಿದ. ಒಂದು ನಿಮಿಷ ಜೋರಾಗಿ, ಹದಿನೈದು ನಿಮಿಷ ನಿಧಾನವಾಗಿ ತಿರುಗಿಸಿದ. ನಾಲ್ಕನೇ ಜಾಡಿಯಲ್ಲಿ ಕೊಳೆ ಹತ್ತಿಯ ಎಳೆಯಂತೆ ಒಂದಕ್ಕೊಂದು ಹಿಡಿದುಕೊಂಡು ಕೆಳಗಿಳಿಯತೊಡಗಿತು. ಮೇಲಿನ ನೀರು ತೆರೆದುಕೊಂಡಿತು. ‘ಏಯ್’ ಎಂದವನು ಬಗ್ಗಿ ನೋಡಿದ. ಅವನೇ ಹೋಗಿ ಸುಣ್ಣದ ಕವಾಟ ತೆರೆದ.

ಹನ್ನೆರಡೂವರೆಗೆ ತೊಟ್ಟಿಯ ನೀರು ತಿಳಿಯಾಯಿತು. ಹಾಳಾಗಿದ್ದ ನೀರನ್ನು ಊರಿಗೆ ಬಿಡದೆ ಹಿಂದಕ್ಕೆ ಹರಿಸಿದರು.

ಫಿಲ್ಟರ್ ರಿಜಿಸ್ಟರ್ ಎಳೆದುಕೊಂಡ. ಪಟಿಕ ನಲವತ್ತೈದು, ಸುಣ್ಣ ಇಪ್ಪತ್ತು ಎಂದು ಬರೆದ. ಸಮಯ ಬರೆದ. ಕರ್ತವ್ಯದಲ್ಲಿರುವ ಆಪರೇಟರ್ ಎಂಬ ಖಾನೆಗೆ ಬಂದ.

‘ಬೇಡ ಕಣೋ’ ಎಂದ ಸಾರ್ಜೆಂಟ್. ಆ ದನಿಯಲ್ಲಿ ಆಜ್ಞೆ ಇರಲಿಲ್ಲ.

ಪೆನ್ನು ಕಾಗದಕ್ಕೆ ತಾಗಿದ್ದೇ ಅವನ ಕೈ ತಾನಾಗಿ ಮೇಲಕ್ಕೆ ಒಂದು ಉದ್ದದ ಗೀಟು ಎಳೆಯಿತು. ತುದಿಯಿಂದ ಕೆಳಗೆ ಕೊಕ್ಕೆ ತಿರುಗಿತು. ಅಲ್ಲಿ ನಿಲ್ಲಿಸಿದ. ಆರು ಸಾವಿರ ಸಲ ಮಾಡಿದ ಕೈ. ಆ ಗೀಟನ್ನು ಹೊಡೆದು ಹಾಕಿ, ಪಕ್ಕದಲ್ಲಿ ತನ್ನ ಹೆಸರು ಬರೆದ. ಶಾಲೆಯಲ್ಲಿ ಬರೆಯುತ್ತಿದ್ದ ಹಾಗೆ, ಅಕ್ಷರ ಬಿಡಿಸಿ ಬಿಡಿಸಿ. ಅವನಿಗೆ ಬೇರೆ ಸಹಿ ಇರಲಿಲ್ಲ.

ಅಷ್ಟರಲ್ಲಿ ಇಂಜಿನಿಯರಮ್ಮ ಬಂದರು. ನೆಲ ನೋಡಿದರು. ತೊಟ್ಟಿ ನೋಡಿದರು. ರಿಜಿಸ್ಟರ್ ನೋಡಿದರು. ಹೊಡೆದು ಹಾಕಿದ ಗೀಟಿನ ಮೇಲೆ ಬೆರಳಿಟ್ಟು, ಅದೇ ಖಾನೆಯಲ್ಲಿ ಮೇಲಿನ ಸಾಲುಗಳಿಗೆ ಬೆರಳು ಸರಿಸುತ್ತಾ ಹೋದರು. ಎಲ್ಲ ಕಡೆ ಅದೇ ಗೀಟು, ಅದೇ ಕೊಕ್ಕೆ.

‘ಇವರ ಸಹಿ ನಿಮಗೆ ಹೇಗೆ ಬರುತ್ತೆ?’

‘ಇಲ್ಲಿಯದೆಲ್ಲ ಅವರೇ ಹಾಕಿದ್ದು ಮೇಡಂ. ಸೇನೆಯ ನೀರಿನ ರಿಜಿಸ್ಟರಲ್ಲಿ ಹತ್ತು ವರ್ಷದ್ದು ನಾನು ಹಾಕಿದ್ದು. ಕೆಲಸನೂ ನಾನೇ ಮಾಡಿದ್ದು.’

ಸಾರ್ಜೆಂಟ್ ಕಿಟಕಿಯ ಹೊರಗೆ ನೋಡುತ್ತಿದ್ದ.

ಇಂಜಿನಿಯರಮ್ಮ ಒಂದು ಬಿಳಿ ಹಾಳೆ ಮುಂದೆ ತಳ್ಳಿದರು. ‘ಪೂರ್ತಿ ಹಾಕಿ ತೋರಿಸಿ.’

ಹಾಕಿದ್ದರೆ ಅಲ್ಲೇ ರುಜುವಾತಾಗುತ್ತಿತ್ತು. ಅವನು ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟ.

‘ಹಾಕಲ್ಲ ಮೇಡಂ. ಇನ್ನು ಆ ಸಹಿ ಹಾಕಲ್ಲ.’

‘ಅಧಿಕಾರ ಇಲ್ಲದೆ ರಿಜಿಸ್ಟರ್ ಮುಟ್ಟಿದ್ದೀರಿ. ಗೊತ್ತಲ್ಲ?’

‘ನೀರು ನೋಡಿದ್ರಲ್ಲ.’

‘ನೀರು ಸರಿಯಿದೆ. ರಿಜಿಸ್ಟರ್ ಸರಿಯಿಲ್ಲ. ನಾನು ಎರಡನ್ನೂ ಬರೀಬೇಕು.’

‘ಬರೀರಿ’ ಎಂದ. ‘ನನ್ನ ಹೆಸರಲ್ಲೇ ಬರೀರಿ.’

ಅವನನ್ನು ಒಂದು ಗಂಟೆಗೆ ಮನೆಗೆ ಕಳಿಸಿದರು. ಹೊರಡುವ ಮೊದಲು ನೆಲ ಒರೆಸಿ ಹೋಗು ಎಂದು ಮೇಲ್ವಿಚಾರಕ ಹೇಳಿದ. ಅವನು ಒರೆಸಲಿಲ್ಲ.

ಮೂರು ದಿನದ ಮೇಲೆ ಸಾರ್ಜೆಂಟ್‌ಗೆ ಎಚ್ಚರಿಕೆ ಪತ್ರ ಕೊಟ್ಟರು. ಹುದ್ದೆ ಹಾಗೇ ಉಳಿಯಿತು. ಸೇನೆಯ ರಿಜಿಸ್ಟರಿನ ವಿಷಯ ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ಸ್ಥಾವರದವರು ಪಡೆಯ ಕಚೇರಿಗೆ ಬರೆದು ಕೈ ತೊಳೆದುಕೊಂಡರು. ಪಡೆಯ ಕಚೇರಿ ವಿಚಾರಣೆ ತೆರೆಯಿತು. ವಿಚಾರಣೆ ಮುಗಿಯುವವರೆಗೆ ಫಿಲ್ಟರ್‌ನ ಪಿಂಚಣಿ ತಡೆಹಿಡಿದಿದೆ ಎಂದು ತಿಳಿಸಿತು.

ಅವನನ್ನು ಮನೆಗೆ ಕಳಿಸಿದ ಒಂಬತ್ತನೇ ದಿನ ಸ್ಥಾವರದಿಂದ ಪತ್ರ ಬಂತು. ಹೆಂಡತಿ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಅಪ್ಪ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದ. ಸಫಾಯಿ ಹುದ್ದೆಯ ನೇಮಕ ರದ್ದಾಗಿದೆ. ಕಾರಣ: ಸದರಿ ವ್ಯಕ್ತಿಯು ಸೇವೆಯ ಹನ್ನೆರಡನೇ ದಿನ ಬೆಳಿಗ್ಗೆ ಹತ್ತೂ ಹತ್ತರಿಂದ ಹನ್ನೆರಡೂವರೆಯವರೆಗೆ ಅನಧಿಕೃತವಾಗಿ ಆಪರೇಟರ್ ಕೆಲಸವನ್ನು ನಿರ್ವಹಿಸಿ, ರಿಜಿಸ್ಟರಿನಲ್ಲಿ ಸಹಿ ಮಾಡಿರುತ್ತಾನೆ. ಆ ಅವಧಿಯಲ್ಲಿ ನೀರಿನ ಗುಣಮಟ್ಟ ನಿಗದಿತ ಮಿತಿಯೊಳಗೆ ಬಂದಿರುತ್ತದೆ. ರಿಜಿಸ್ಟರಿನ ಪುಟದ ನಕಲನ್ನು ಸಾಕ್ಷ್ಯವಾಗಿ ಲಗತ್ತಿಸಿದೆ. ಕೆಳಗೆ ಇಂಜಿನಿಯರಮ್ಮನ ಸಹಿ, ಮೊಹರು.

ಅಪ್ಪ ಓದುವುದು ನಿಲ್ಲಿಸಿದ. ಹಿಂದಿನ ಸಾಲಿಗೆ ಬಂದು ಇನ್ನೊಮ್ಮೆ ಓದಿದ.

‘ಲೋ, ಆಪರೇಟರ್ ಕೆಲಸ ನಿರ್ವಹಿಸಿದ ಅಂತ ಬರೆದಿದ್ದಾರಲ್ಲೋ.’

‘ಅನಧಿಕೃತ ಅಂತಲೂ ಬರೆದಿದ್ದಾರೆ.’

‘ಅದಿರ್ಲಿ. ಮೊಹರು ಹಾಕಿ ಬರೆದಿದ್ದಾರೆ.’ ಅಪ್ಪ ಮೊಹರಿನ ಮೇಲೆ ಬೆರಳಿಟ್ಟ. ‘ನನಗೆ ಮೂವತ್ತು ವರ್ಷದಲ್ಲಿ ಬೈದು ಕೂಡ ಯಾರೂ ಹೆಸರು ಹಿಡಿದು ಬರೀಲಿಲ್ಲ ಕಣೋ.’

ಹೆಂಡತಿ ಬಂದಳು. ನಿಂತುಕೊಂಡೇ ಓದಿದಳು. ಚೀಲ ಕೂಡ ಕೆಳಗಿಡದೆ ಪತ್ರ ಮತ್ತು ಪುಟ ತೆಗೆದುಕೊಂಡು ಹೋಗಿ ಹತ್ತು ಪ್ರತಿ ಜೆರಾಕ್ಸ್ ಮಾಡಿಸಿಕೊಂಡು ಬಂದಳು.

ಅವನು ಅದೇ ವಾರ ಪಕ್ಕದ ಮೂರು ಊರಿನ ನೀರಿನ ಸ್ಥಾವರಗಳಿಗೆ ಆಪರೇಟರ್ ಹುದ್ದೆಗೆ ಅರ್ಜಿ ಹಾಕಿದ. ಕೋಟಾ ಕೇಳಲಿಲ್ಲ. ಅನುಭವದ ದಾಖಲೆ ಎಂಬಲ್ಲಿ ರದ್ದತಿ ಪತ್ರವನ್ನೂ ರಿಜಿಸ್ಟರಿನ ಪುಟವನ್ನೂ ಲಗತ್ತಿಸಿದ. ಅನುಭವದ ಅವಧಿ ಎಂಬಲ್ಲಿ ಬರೆದ: ಹತ್ತು ವರ್ಷ, ಎರಡು ಗಂಟೆ ಇಪ್ಪತ್ತು ನಿಮಿಷ. ಹತ್ತು ವರ್ಷದ ಬಗ್ಗೆ ವಿಚಾರಣೆ ನಡೆಯುತ್ತಿದೆ.

ಎರಡು ಸ್ಥಾವರದವರು ಉತ್ತರಿಸಲಿಲ್ಲ. ಮೂರನೆಯವರು ಪರೀಕ್ಷೆಗೆ ಕರೆದರು. ಅಷ್ಟು ಹೊತ್ತಿಗೆ ಕ್ವಾರ್ಟರ್ಸ್ ಖಾಲಿ ಮಾಡಿದ್ದರಿಂದ ಆ ಪತ್ರ ಅವನಿಗೆ ಎರಡು ದಿನ ತಡವಾಗಿ ಸಿಕ್ಕಿತು. ಪರೀಕ್ಷೆಗೆ ಇನ್ನೂ ಒಂದು ವಾರ ಇತ್ತು.